ಮುರಿದ ಕೊಕ್ಕಿನ ಗೇಟು

ನಮ್ಮ ಪಾರ್ಕಿನ ಗೇಟಿನ ಪಕ್ಕ ಒಂದು ಬೋರ್ಡು ನೆಟ್ಟಿದ್ದಾರೆ. ಹಸಿರು ಬಣ್ಣ, ಸುತ್ತ ಹಳದಿ ಅಂಚು, ತಲೆಯ ಮೇಲೆ ‘ದ್ವಾರದ ಇತಿಹಾಸ’ ಎಂದು ದಪ್ಪ ಅಕ್ಷರ. ಅದರ ಕೆಳಗೆ ಏನೂ ಇಲ್ಲ. ಆ ಖಾಲಿ ಜಾಗ ತುಂಬಿಸಬೇಕಾದವನು ನಾನು. ನಾಲ್ಕು ಸಾಲು ಸಾಕು ಎಂದಿದ್ದಾರೆ. ಬೋರ್ಡಿಗೆ ಬಣ್ಣ ಬಳಿದು ಒಂದು ಮಳೆಗಾಲ ಕಳೆಯಿತು, ಮೊದಲನೇ ಸಾಲೇ ಹೊರಟಿಲ್ಲ. ಇಲ್ಲಿ ಉದ್ದಕ್ಕೆ ಬರೆದು ನೋಡೋಣ, ಆಮೇಲೆ ಸೋಸಿಕೊಂಡರಾಯಿತು ಎಂದು ಕುಳಿತಿದ್ದೇನೆ.

ನನ್ನ ಕಸುಬು ಹಳೇ ಮನೆ ಸಾಮಾನಿನದು. ಕೆಡವುವ ಮನೆಗಳಿಂದ ಬಾಗಿಲು, ಕಿಟಕಿ, ಕಂಬ, ಗ್ರಿಲ್ಲು, ಗೇಟು ಎತ್ತಿಕೊಂಡು ಬಂದು, ಹೊಸ ಮನೆಗೆ ಹಳೇ ಕಳೆ ಬೇಕು ಎನ್ನುವವರಿಗೆ ಮಾರುತ್ತೇನೆ. ತಳ್ಳುಗಾಡಿಯಲ್ಲಿ ಶುರು ಮಾಡಿದವನಿಗೆ ಈಗ ಹೆಬ್ಬಾಳದ ಫ್ಲೈಓವರಿನಿಂದ ಸ್ವಲ್ಪ ಒಳಗೆ ಸ್ವಂತ ಶೆಡ್ಡಿದೆ. ಯಾರೂ ಕಲಿಸಿದ್ದಲ್ಲ, ಮೋಸ ಹೋಗಿ ಹೋಗಿ ಕಲಿತದ್ದು. ಒಂದು ಗೇಟು ಎಷ್ಟು ಹಳೆಯದು, ಯಾವ ಬಗೆಯ ಕಬ್ಬಿಣ, ಎಷ್ಟಕ್ಕೆ ಕೇಳಿ ಎಷ್ಟಕ್ಕೆ ಬಿಡಬಹುದು ಎಂದು ಹೇಳಲು ಒಂದು ಟೀ ಕುಡಿಯುವಷ್ಟು ಹೊತ್ತು ಸಾಕು ಎಂದು ನನಗೆ ಹೆಮ್ಮೆಯಿತ್ತು. ಈ ಗೇಟಿನ ಮುಂದೆ ಕುಡಿದ ಟೀಗೆ ಲೆಕ್ಕವಿಲ್ಲ.

ಅಮೃತಹಳ್ಳಿಯಿಂದ ಜಕ್ಕೂರಿನ ಕಡೆ ಹೋಗುವಾಗ ಬಡಾವಣೆಯ ನಡುವೆ ಆ ಪಾರ್ಕು ಸಿಗುತ್ತದೆ. ಗೇಟು ಜೋಡಿ ಬಾಗಿಲಿನದು. ಕೆಳಗಿನಿಂದ ಮೇಲಕ್ಕೆ ಕಬ್ಬಿಣದ ಬಳ್ಳಿ ಸುತ್ತಿಕೊಂಡು ಹೋಗಿದೆ, ಬಳ್ಳಿಯ ತುದಿಯಲ್ಲಿ ಎಡಬಾಗಿಲಿಗೊಂದು, ಬಲಬಾಗಿಲಿಗೊಂದು ಹಕ್ಕಿ. ಎರಡೂ ರೆಕ್ಕೆ ಬಿಚ್ಚಿಕೊಂಡು ಒಂದರ ಮುಖ ಒಂದು ನೋಡುತ್ತಿವೆ. ಎರಡಕ್ಕೂ ಕೊಕ್ಕಿನ ತುದಿ ಇಲ್ಲ. ಬಣ್ಣದ ಮೇಲೆ ಬಣ್ಣ ಬಳಿದು ಬಳಿದು ಹಕ್ಕಿಗಳು ದಪ್ಪಗಾಗಿ, ಯಾವ ಜಾತಿಯವು ಎಂದು ಗುರುತು ಸಿಗದಂತಾಗಿದೆ.

ಗೇಟಿನ ಬಲಗಡೆಯ ಬೇಲಿ ಬಿದ್ದುಹೋಗಿ ಕಾರು ನುಗ್ಗುವಷ್ಟು ಜಾಗವಿತ್ತು. ಆದರೂ ವಾಕಿಂಗಿಗೆ ಬರುವವರು ಅಲ್ಲಿಂದ ಹೋಗುತ್ತಿರಲಿಲ್ಲ. ಗೇಟಿನ ಎದುರು ನಿಂತು, ಮುಂದಿನವರು ದಾಟುವವರೆಗೆ ಕಾದು, ಆಮೇಲೆ ದಾಟುವರು. ಅದಕ್ಕೆ ಕಾರಣವಿತ್ತು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಆ ಗೇಟಿನಲ್ಲಿ ತಡೆ ಒಡೆಯುತ್ತಾರೆ. ಮದುವೆ ನಿಂತಿರಲಿ, ಮನೆ ಕೆಲಸ ನಿಂತಿರಲಿ, ಬಾಗಿಲನ್ನು ಒಂದಿಷ್ಟೇ ತೆರೆದು, ಎರಡು ಹಕ್ಕಿಗಳ ನಡುವೆ ಕಬ್ಬಿಣಕ್ಕೆ ಮೈ ತಾಕದ ಹಾಗೆ ಅಡ್ಡಡ್ಡಲಾಗಿ ನುಸುಳಬೇಕು, ಆಚೆ ಕಡೆ ನಿಂಬೆಹಣ್ಣು ತುಳಿಯಬೇಕು. ನಮ್ಮ ಕಡೆ ಜಮೀನಿನ ಗೋಜಲು ಜಾಸ್ತಿಯಾದ್ದರಿಂದ ಖಾತೆ ಆಗದವರೇ ಹೆಚ್ಚು. ಪ್ಲಾಸ್ಟಿಕ್ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು, ಹೊಟ್ಟೆ ಒಳಗೆಳೆದುಕೊಂಡು ನುಸುಳುವ ದೊಡ್ಡ ಮನುಷ್ಯರನ್ನು ನಾನೇ ನೋಡಿದ್ದೇನೆ. ಹೊಟ್ಟೆ ತಾಕಿದರೆ ವಾಪಸ್ಸು ಬಂದು ಮತ್ತೆ ಮೊದಲಿನಿಂದ. ಗುರುವಾರ ಸಂಜೆ ಹಾಸಿಗೆ ಅಂಗಡಿಯ ಚಾಚಾ ಅದೇ ಗೇಟಿಗೆ ಊದುಬತ್ತಿ ಸಿಕ್ಕಿಸಿ ಹೋಗುತ್ತಾರೆ. ಯಾರೂ ಯಾರನ್ನೂ ಕೇಳುವುದಿಲ್ಲ.

ಹೀಗಿರುವಾಗ ಪಾರ್ಕಿನ ಸಂಘದ ಅಧ್ಯಕ್ಷರು ನನ್ನ ಶೆಡ್ಡಿಗೆ ಬಂದರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಎಲ್ಲದಕ್ಕೂ ಅವರಿಗೆ ಹೌದು ಅಥವಾ ಇಲ್ಲ ಎಂಬ ಉತ್ತರ ಬೇಕು.

“ಯಜಮಾನ್ರೇ, ಒಬ್ಬ ಬಿಲ್ಡರು ಪಾರ್ಕಿಗೆ ಸ್ಟೀಲ್ ಗೇಟ್ ಕೊಡ್ತಿದಾರೆ, ಮೇಲೆ ಕಮಾನು ಸಮೇತ. ಹಳೇದನ್ನ ಗುಜರಿಗೆ ಹಾಕೋಣ ಅಂದ್ರೆ ಕೆಲವರು ಇದು ಪುರಾತನ ಕಾಲದ್ದು, ಮುಟ್ಬೇಡಿ ಅಂತಿದಾರೆ. ನಿಮಗೆ ಹಳೇ ಕಬ್ಬಿಣ ಗೊತ್ತು. ಭಾನುವಾರ ಮೀಟಿಂಗಲ್ಲಿ ಒಂದು ಮಾತು ಹೇಳ್ಬಿಡಿ. ಹಳೇದು ಅಂದ್ರೆ ಇರುತ್ತೆ, ಅಲ್ಲ ಅಂದ್ರೆ ಹೋಗುತ್ತೆ.”

“ಅಷ್ಟೇ ತಾನೇ ಸರ್? ಒಂದು ಟೀ ಕುಡಿಯೋದ್ರೊಳಗೆ ಹೇಳ್ತೀನಿ” ಎಂದೆ.

ಅದೇ ಸಂಜೆ ಅಕ್ಕ ಬಂದಳು. ಜಕ್ಕೂರಿನ ಹಳೇ ಊರಿನೊಳಗೆ ಅವಳ ಮನೆ. ಸುದ್ದಿ ನನಗಿಂತ ಮೊದಲು ಅವಳಿಗೆ ಮುಟ್ಟಿರುತ್ತದೆ. ಅಮ್ಮ ಬೇಗ ಹೋದದ್ದರಿಂದ ನನ್ನನ್ನು ಸೊಂಟದ ಮೇಲಿಟ್ಟುಕೊಂಡು ಬೆಳೆಸಿದವಳು ಅವಳೇ. ಅಂದು ಅವಳ ಕೈ ಹಿಡಿದುಕೊಂಡು ಮೊಮ್ಮಗಳೂ ಬಂದಿದ್ದಳು. ಮಗುವಿಗೆ ಮೂರು ವರ್ಷ ದಾಟಿದೆ, ಇನ್ನೂ ಮಾತು ಬಂದಿಲ್ಲ. ಕಿವಿ ಚೆನ್ನಾಗಿದೆ, ಕರೆದರೆ ತಿರುಗುತ್ತದೆ, ನಗುತ್ತದೆ, ಬೇಕಾದ್ದನ್ನು ಬೆರಳಿಟ್ಟು ತೋರಿಸುತ್ತದೆ. ಬಾಯಿ ಮಾತ್ರ ಇಲ್ಲ. ಸಹಕಾರನಗರದಲ್ಲಿ ಮಾತು ಕಲಿಸುವ ಡಾಕ್ಟರ ಹತ್ತಿರ ಮಗುವಿನ ಅಮ್ಮ ಕರೆದೊಯ್ಯುತ್ತಾಳೆ. ಮಂಗಳವಾರ ಅಕ್ಕ ಆ ಗೇಟಿನಲ್ಲಿ ನುಸುಳಿಸುತ್ತಾಳೆ.

“ಡಾಕ್ಟ್ರನ್ನ ಮಾತ್ರ ಬಿಡ್ಬೇಡ್ರಕ್ಕಾ” ಎಂದು ನಾನು ಹೇಳದ ದಿನವಿಲ್ಲ.

“ಡಾಕ್ಟ್ರು ಅವ್ರ ಕೆಲ್ಸ ಮಾಡ್ಲಿ, ಗೇಟು ಅದ್ರ ಕೆಲ್ಸ ಮಾಡ್ಲಿ. ಈಗ ಅದನ್ನೇ ಕಿತ್ತಾಕ್ತಾರಂತಲ್ಲೋ?”

“ಹಳೇದಾದ್ರೆ ಕೀಳಲ್ಲ.”

“ಹಳೇದಲ್ದೆ ಮತ್ತೆ? ನಾಕು ವರ್ಸ ಆದ್ರೂ ನೀನು ಬಾಯಿ ಬಿಟ್ಟಿರ್ಲಿಲ್ಲ. ಆ ಗೇಟಲ್ಲಿ ನಿನ್ನ ನುಸುಳಿಸಿದ್ದೇ ನಾನು. ಅವತ್ತು ಬಿಟ್ಟ ಬಾಯಿ, ಇವತ್ತಿಗೂ ಮುಚ್ಚಿಲ್ಲ.”

ಶೆಡ್ಡಿನ ಹುಡುಗರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ, ಲೆಕ್ಕ ಹಾಕುತ್ತಿದ್ದೆ. ನನಗೆ ನಾಲ್ಕು ವರ್ಷವಾಗಿದ್ದಾಗ ಆ ಜಾಗದಲ್ಲಿ ಪಾರ್ಕೂ ಇರಲಿಲ್ಲ, ಬಡಾವಣೆಯೂ ಇರಲಿಲ್ಲ. ರಾಗಿ ಹೊಲ.

“ಅಕ್ಕಾ, ಆಗ ಪಾರ್ಕೇ ಇರ್ಲಿಲ್ವಲ್ಲ?”

“ಪಾರ್ಕಿರ್ಲಿಲ್ಲ. ಗೇಟಿತ್ತು.”

“ಎಲ್ಲಿ?”

“ಕೆರೆ ಏರಿ ಇಳಿದ್ರೆ ಒಂದು ತೋಟ. ಗೇಟಿಗೆ ಸರಪಳಿ ಹಾಕಿ ಬೀಗ ಜಡಿದಿರೋರು. ಎರಡು ಹಕ್ಕಿ ನಡುವೆ ಮಗೂನ ದಾಟ್ಸು, ಮಾತು ಬರ್ತದೆ ಅಂತ ಊರಿನ ಒಂದಜ್ಜಿ ಹೇಳಿದ್ಲು. ಸರಪಳಿ ಸಡಿಲ ಇತ್ತು. ನೀನು ಕಡ್ಡಿ ಇದ್ದಂಗಿದ್ದೆ, ನಾನೂ ಕಡ್ಡಿನೇ. ಅಡ್ಡಡ್ಡ ನುಸುಳಿದ್ವಿ. ಕೊಕ್ಕು ಮುರಿದಿತ್ತಲ್ಲ, ಆ ಮುರುಕು ಸಿಕ್ಕಾಕ್ಕೊಂಡು ನನ್ನ ಲಂಗ ಹರಿದೋಯ್ತು.”

“ಯಾರ ತೋಟ ಅದು?”

“ಯಾರ್ದೋ. ಸೀಬೆ ಮರ ಇದ್ವು.”

ಹೊರಡುವಾಗ ಅವಳು ಬೇಡಿಕೊಳ್ಳಲಿಲ್ಲ. ಮಗುವಿನ ಚಪ್ಪಲಿ ಸರಿ ಮಾಡುತ್ತಾ, “ಭಾನ್ವಾರ ನೆಟ್ಟಗೆ ಮಾತಾಡು. ಮಾತು ಕೊಟ್ಟಿದ್ದೇ ಅದು ನಿಂಗೆ” ಎಂದಳು. ಮಗು ತಲೆಯೆತ್ತಿ ನನ್ನ ಬಾಯನ್ನೇ ನೋಡುತ್ತಿತ್ತು.

ಮಾರನೆಯ ಬೆಳಿಗ್ಗೆ ಸಣ್ಣ ಸುತ್ತಿಗೆ, ಬಣ್ಣ ಕೆರೆಯುವ ಚಾಕು ತೆಗೆದುಕೊಂಡು ಪಾರ್ಕಿಗೆ ಹೋದೆ. ಹಳೇ ಗೇಟು ಕೊಳ್ಳುವವರಿಗೆ ನನ್ನದೊಂದು ಮಾತು: ಬಣ್ಣ ನೋಡಬೇಡಿ, ತುಕ್ಕು ನೋಡಬೇಡಿ. ತುಕ್ಕು ಬರಿಸುವುದು ಒಂದು ವಾರದ ಕೆಲಸ. ಅರಮನೆಯದ್ದು ಎಂದು ಹೇಳಿದರಂತೂ ಅಲ್ಲೇ ಎದ್ದು ಬನ್ನಿ. ಬೆಂಗಳೂರಿನಲ್ಲಿ ಮಾರಾಟವಾದ ಅರಮನೆ ಗೇಟುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ, ಆ ಅರಮನೆಗೆ ಗೋಡೆಯೇ ಇರಲಿಲ್ಲ, ಬರೀ ಗೇಟು ಎನ್ನಬೇಕಾಗುತ್ತದೆ. ನೋಡಬೇಕಾದ್ದು ಕಬ್ಬಿಣಕ್ಕೆ ಕಬ್ಬಿಣ ಸೇರುವ ಜಾಗ. ಹಳೆಯದಾದರೆ ಅಲ್ಲಿ ರಿವೆಟ್ ಇರುತ್ತದೆ, ಹೊಸದಾದರೆ ವೆಲ್ಡಿಂಗ್.

ಎಡಬಾಗಿಲು ಕೆರೆದೆ. ರಿವೆಟ್. ಹಕ್ಕಿಗೆ ಸುತ್ತಿಗೆಯಿಂದ ತಟ್ಟಿದೆ; ಮಂಕಾದ ಸದ್ದು, ಎರಕ ಹೊಯ್ದ ಬೀಡು ಕಬ್ಬಿಣ. ಮುರಿದ ಕೊಕ್ಕಿನ ಜಾಗ ಸಕ್ಕರೆ ಅಚ್ಚು ಮುರಿದ ಹಾಗೆ ಹರಳು ಹರಳು. ಒಳ್ಳೇ ಹಳೇ ಮಾಲು. ಅಕ್ಕ ಗೆದ್ದಳು ಎಂದುಕೊಂಡೆ.

ಬಲಬಾಗಿಲು ಕೆರೆದೆ. ಉದ್ದಕ್ಕೂ ವೆಲ್ಡಿಂಗಿನ ಗಂಟು. ಹಕ್ಕಿಯನ್ನು ತಗಡು, ಸರಳು ಸೇರಿಸಿ ಕಟ್ಟಿದ್ದಾರೆ. ಹಾಗಾದರೆ ಇದು ಆಮೇಲೆ ಮಾಡಿಸಿದ ಜೋಡಿ. ಅಲ್ಲಿಯವರೆಗೆ ಸರಿ. ಆದರೆ ಇದರ ಕೊಕ್ಕೂ ಮುರಿದಿದೆಯಲ್ಲ? ಬಣ್ಣ ತೆಗೆದು ಬೆರಳಾಡಿಸಿದೆ. ಮುರಿದದ್ದಲ್ಲ. ಗರಗಸದಲ್ಲಿ ಓರೆಯಾಗಿ ಕೊಯ್ದು, ಅರದಿಂದ ನುಣುಪು ಮಾಡಿದ್ದಾರೆ. ಮುರಿದ ಕೊಕ್ಕನ್ನೇ ಶ್ರದ್ಧೆಯಿಂದ ತಯಾರಿಸಿದ್ದಾರೆ. ಇಷ್ಟು ವರ್ಷದಲ್ಲಿ ಅಂಥದ್ದನ್ನು ನಾನು ನೋಡಿರಲಿಲ್ಲ.

ಅಷ್ಟರಲ್ಲಿ ಚಾಚಾ ಬಂದರು, ಹಿಂದೆಯೇ ಗೌಡರು. ಗೌಡರದು ಹಳೇ ಊರಿನ ಮನೆತನ. ಹೊಲವಿದ್ದ ಕಡೆಯೆಲ್ಲ ಈಗ ಬಾಡಿಗೆ ಮನೆಗಳಿವೆ. ಇಬ್ಬರೂ ದಿನಾ ಒಟ್ಟಿಗೇ ನಡೆಯುತ್ತಾರೆ, ದಿನಾ ಜಗಳವಾಡುತ್ತಾರೆ.

“ಏನ್ ಭಾಯಿ, ಗಿಳಿಗೆ ಸ್ನಾನ ಮಾಡಿಸ್ತಿದೀರಾ?” ಎಂದರು ಚಾಚಾ.

“ಗಿಳಿನಾ ಇದು? ನಾನು ನವಿಲು ಅಂದ್ಕೊಂಡಿದ್ದೆ.”

“ಗಿಳಿನೇ. ನಮ್ಮ ದಾದಾ, ಅಂದ್ರೆ ತಾತ, ಕೆಲಸ ಮಾಡ್ತಿದ್ದ ದ್ರಾಕ್ಷಿ ತೋಟದ ಗೇಟು ಇದು. ಹಣ್ಣು ತಿನ್ನೋಕೆ ಗಿಳಿ ಬರ್ತಿತ್ತು ನೋಡಿ, ಕಬ್ಬಿಣದ ಗಿಳಿ ಕೂರಿಸಿದ್ರೆ ನಿಜವಾದ ಗಿಳಿ ಹೆದರ್ತದೆ ಅಂತ ಮಾಲೀಕರು ಮಾಡಿಸಿದ್ರು. ಒಬ್ಬ ಬಾಬಾ ಈ ಗೇಟಿಗೆ ಒರಗಿ ಒಂದು ರಾತ್ರಿ ಮಲಗಿದ್ರಂತೆ. ಆಮೇಲೆ ತೋಟಕ್ಕೆ ಗಿಳಿ ಬರಲೇ ಇಲ್ಲ.”

“ಗಿಳಿನ ಕಂಡ್ರೆ ಗಿಳಿ ಯದರ್ತದಾ? ನೆಂಟ್ರ ಮನೆಗೆ ಬಂದಂಗೆ ಬರ್ತದೆ” ಎಂದರು ಗೌಡರು. “ಅದು ಇಮಾನ ಕಣಪ್ಪ. ನಮ್ಮಪ್ಪ ಜಕ್ಕೂರು ಇಮಾನದ ಮೈದಾನ್ದಾಗೆ ಹುಲ್ಲು ಕುಯ್ಯಕ್ಕೆ ಓಯ್ತಿದ್ರು. ಅಲ್ಲೊಬ್ಬ ಸಾಹೇಬ್ರ ಬಂಗ್ಲೆ ಗೇಟು.”

“ವಿಮಾನಕ್ಕೆ ಕೊಕ್ಕು ಇರ್ತದಾ ಗೌಡ್ರೇ?”

“ಕೊಕ್ಕಲ್ಲ, ಮುಂದುಗಡೆ ಫ್ಯಾನು. ಅದಕ್ಕೇ ಮುರ್ದೋಗಿರೋದು.”

“ತೋಟದಲ್ಲಿ ಸೀಬೆ ಮರ ಇದ್ವಾ ಚಾಚಾ?” ಎಂದು ಕೇಳಿದೆ.

“ಸೀಬೆನಾ? ಇಲ್ಲ. ದ್ರಾಕ್ಷಿ.” ಸ್ವಲ್ಪ ಯೋಚಿಸಿ, “ಮೂಲೆಯಲ್ಲಿ ಒಂದೆರಡು ಇದ್ದರೆ ಇರಬಹುದು” ಎಂದರು.

“ಬಂಗ್ಲೆ ಕಾಂಪೌಂಡ್ನಾಗೂ ಸೀಬೆ ಇತ್ತು” ಎಂದರು ಗೌಡರು ತಕ್ಷಣ. ಚೌಕಾಸಿಯಲ್ಲಿ ಹೀಗೆ ಆಗುತ್ತದೆ. ಎದುರಿನವನು ಒಂದು ಬಿಟ್ಟುಕೊಟ್ಟರೆ ನಾವೂ ಒಂದು ಸೇರಿಸುತ್ತೇವೆ. ಅದರಿಂದ ನನಗೇನೂ ತಿಳಿಯಲಿಲ್ಲ.

ಬಲಬಾಗಿಲಿನ ಕೊಕ್ಕು ತಲೆಯಿಂದ ಹೋಗಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಟಿ. ದಾಸರಹಳ್ಳಿಗೆ ಹೋದೆ. ಅಲ್ಲಿ ಹಳೇ ಮಾದರಿ ನೋಡಿ ಹೊಸದು ಮಾಡಿಕೊಡುವ ಒಬ್ಬ ವೆಲ್ಡರ್ ಇದ್ದಾನೆ, ನನಗೆ ಬಹಳ ವರ್ಷದ ಪರಿಚಯ.

“ಕೊಕ್ಕು ಯಾಕಯ್ಯಾ ಕೊಯ್ದಿದಾರೆ?”

“ಇನ್ನೇನ್ ಮಾಡೋದಣ್ಣ? ಒಂದು ಬಾಗಿಲು ತಂದು ಹಾಕಿ, ಇದೇ ತರ ಇನ್ನೊಂದು ಮಾಡು, ಕೂದಲೆಳೆ ವ್ಯತ್ಯಾಸ ಇರಬಾರ್ದು ಅಂತಾರೆ. ಒಂದ್ಸಲ ಒಬ್ರ ಗೇಟಲ್ಲಿ ಆನೆ ಸೊಂಡಿಲು ಮುರಿದಿತ್ತು ಅಂತ ಪೂರ್ತಿ ಮಾಡಿಕೊಟ್ಟೆ. ಜೋಡಿ ಆಗ್ಲಿಲ್ಲ ಅಂತ ವಾಪಸ್ ಎಸೆದು ಹೋದ್ರು. ಆವತ್ತಿಂದ ಮುರಿದಿದ್ರೆ ಮುರಿದಂಗೇ ಮಾಡೋದು.”

“ಹಾಗಾದ್ರೆ ಇದು ನೀನು ಮಾಡಿದ್ದಾ?”

ಫೋಟೋವನ್ನು ಹಿಗ್ಗಿಸಿ, ತಿರುಗಿಸಿ ನೋಡಿದ. “ಗಂಟು ನಂದೇ ತರ ಇದೆ. ನಮ್ಮಣ್ಣಂದೂ ಇರಬಹುದು. ಅಣ್ಣ ಇಲ್ವಲ್ಲ ಈಗ, ಕೇಳೋಣ ಅಂದ್ರೆ.”

“ಯಾರು ಮಾಡಿಸಿದ್ರು, ಇನ್ನೊಂದು ಬಾಗಿಲು ಏನಾಯ್ತು?”

“ಇನ್ನೊಂದು ಇದ್ದಿದ್ರೆ ಯಾಕೆ ಮಾಡಿಸ್ತಿದ್ರು?”

ಅಲ್ಲಿಂದ ಸೀದಾ ಅಕ್ಕನ ಮನೆಗೆ ಹೋದೆ. ವ್ಯಾಪಾರದಲ್ಲಿ ಕೆಟ್ಟ ಸುದ್ದಿಯನ್ನು ಮೊದಲು ಮನೆಯವರಿಗೆ ಹೇಳಬೇಕು, ಹೊರಗಿನವರಿಂದ ಕೇಳಿದರೆ ನೋವು ಜಾಸ್ತಿ. ಅವಳು ಮೊಮ್ಮಗಳಿಗೆ ಮುದ್ದೆ ಉಣ್ಣಿಸುತ್ತಿದ್ದಳು. ಒಂದು ಬಾಗಿಲು ಹಳೆಯದು, ಒಂದು ಆಮೇಲಿನದು ಎಂದು ಹೇಳಿದೆ.

“ಆಗ ಎರಡೂ ಇದ್ವು” ಎಂದಳು.

“ಇದ್ವೇನೋ. ಒಂದು ಹೋಗಿದೆ.”

“ಯಾವ್ದು ಹೋಗಿರೋದು?”

“ಬಲಗಡೆದು.”

ಅವಳ ಕೈ ತಟ್ಟೆಯಲ್ಲೇ ನಿಂತಿತು. “ನನ್ನ ಲಂಗ ಹರಿದಿದ್ದು ಯಾವ ಕಡೆ ಹಕ್ಕಿ ಅಂತ ಗ್ಯಾಪಕ ಬರ್ತಿಲ್ಲ ಕಣೋ” ಎಂದಳು. ಮತ್ತೆ ತುತ್ತು ಮುರಿಯುತ್ತಾ, “ನಿಂಗೆ ಮಾತು ಕೊಟ್ಟಿದ್ದು ಇರೋ ಹಕ್ಕಿನೋ, ಹೋದ ಹಕ್ಕಿನೋ?”

“ಮಗೂಗೆ ಉಣ್ಸಕ್ಕಾ, ಮುದ್ದೆ ಆರ್ತಿದೆ” ಎಂದು ಎದ್ದೆ. ನನಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ನಂಬಿಕೆ ಇಲ್ಲದವನು ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಯಾಕೆ ಯೋಚಿಸಿದೆ ಎಂಬುದೂ ಗೊತ್ತಾಗಲಿಲ್ಲ.

ಭಾನುವಾರ ಪಾರ್ಕಿನ ಮಂಟಪದಲ್ಲಿ ಜನ ಸೇರಿದ್ದರು. ಅಕ್ಕ ದೂರದ ಕಲ್ಲುಬೆಂಚಿನ ಮೇಲೆ ಮಗುವಿನ ಜೊತೆ ಕುಳಿತಿದ್ದಳು.

“ಹಳೇದಾ, ಹೊಸದಾ? ಹೇಳ್ಬಿಡಿ” ಎಂದರು ಅಧ್ಯಕ್ಷರು.

“ಒಂದು ಹಳೇದು, ಒಂದು ಹೊಸದು. ಹೊಸದನ್ನೂ ಹಳೇದರ ಹಾಗೇ ಮುರಿದಿದಾರೆ.”

“ಅಂದ್ರೆ ಹೌದೋ ಇಲ್ವೋ?”

“ಎರಡೂ ಸರ್.”

ಗಲಾಟೆ ಎದ್ದಿತು. ಗಿಳಿ, ವಿಮಾನ ಎರಡೂ ಬಂದು ಹೋದವು. ವಾಟ್ಸಾಪ್ ನೋಡಿಕೊಂಡೇ ಕುಳಿತಿದ್ದ ಒಬ್ಬರು ಅರಮನೆಯನ್ನೂ ತಂದರು. ಕೊನೆಗೆ ಅಧ್ಯಕ್ಷರು ಮೇಜು ತಟ್ಟಿ, ನ್ಯಾಯವಾಗಿಯೇ ಮಾತಾಡಿದರು: “ಸರಿ. ಹಳೇ ಬಾಗಿಲನ್ನ ಕಟ್ಟೆ ಮೇಲೆ ನಿಲ್ಲಿಸಿ ಪ್ರದರ್ಶನಕ್ಕೆ ಇಡೋಣ. ಹೊಸ ಬಾಗಿಲು ಗುಜರಿಗೆ. ಆ ಜಾಗಕ್ಕೆ ಸ್ಟೀಲ್ ಗೇಟು.”

ನಾಲ್ಕೂ ಕಡೆ ತಲೆಯಾಡಿದವು. ಯಾರು ಕೇಳಿದರೂ ಸರಿ ಎನ್ನುವ ತೀರ್ಮಾನ. ನಾನು ಅಕ್ಕನ ಕಡೆ ನೋಡಿದೆ. ಒಂದೇ ಬಾಗಿಲನ್ನು ಕಟ್ಟೆ ಮೇಲೆ ನಿಲ್ಲಿಸಿದರೆ ನುಸುಳುವುದು ಯಾವುದರ ನಡುವೆ?

ಆಗ ನಾನು ಶೆಡ್ಡಿನಲ್ಲಿ ಮಾಡುವುದನ್ನೇ ಮಾಡಿದೆ. ನಮಗೆ ಬೇಕಾದ್ದನ್ನು ಮೊದಲೇ ಕೇಳಬಾರದು. ಅದಕ್ಕಿಂತ ಮೇಲೆ ಕೇಳಿ, ಎದುರಿನವರು ನಮ್ಮನ್ನು ಇಳಿಸಿದೆವು ಎಂದುಕೊಳ್ಳುವ ಹಾಗೆ ಇಳಿಯಬೇಕು.

“ಸ್ಟೀಲ್ ಗೇಟೇ ಬೇಡ ಅಂತೀನಿ” ಎಂದೆ. “ವಾಪಸ್ ಕಳಿಸಿ.”

ಅಧ್ಯಕ್ಷರು ಎದ್ದು ನಿಂತರು. “ದಾನ ಕೊಡೋರಿಗೆ ಏನ್ ಹೇಳೋದು? ಕಮಾನಿನ ಮೇಲೆ ಅವರ ತಂದೆ ಹೆಸರು ಕೆತ್ತಿಸಿ ಆಗಿದೆ ಕಣ್ರೀ.”

“ಅದೆಲ್ಲ ಗೊತ್ತಿಲ್ಲ ಸರ್. ಎರಡು ಗೇಟು ಒಂದು ಜಾಗದಲ್ಲಿ ನಿಲ್ಲಲ್ಲ.”

ಒಂದಷ್ಟು ಹೊತ್ತು ಪಟ್ಟು ಹಿಡಿದೆ. ಅವರು ಬೇಡಿಕೊಂಡರು, ನಾನು ಒಲ್ಲೆ ಎಂದೆ, ಚಾಚಾ ನನ್ನ ತೋಳು ಹಿಡಿದು “ಬಿಡಿ ಭಾಯಿ” ಎಂದರು. ಆಮೇಲೆ ಸೋತವನ ಹಾಗೆ ಉಸಿರು ಬಿಟ್ಟು ಹೇಳಿದೆ: “ಆಯ್ತು. ಬೇಲಿ ಬಿದ್ದಿರೋ ಕಡೆ ನಿಮ್ಮ ಸ್ಟೀಲ್ ಗೇಟು ಹಾಕ್ಕೊಳ್ಳಿ. ಹೇಗಿದ್ರೂ ಬೇಲಿ ಕಟ್ಟಿಸ್ಬೇಕಿತ್ತು, ಆ ಖರ್ಚೂ ಉಳೀತು. ಹಳೇದು ಇದ್ದ ಕಡೆ ಇದ್ದಂಗೇ ಇರ್ಲಿ, ಎರಡು ಬಾಗಿಲೂ.”

ಅಧ್ಯಕ್ಷರು ಗೆದ್ದವರ ಹಾಗೆ ಕೈ ಕುಲುಕಿದರು. ಆದರೆ ಅವರೂ ಬ್ಯಾಂಕಿನವರು, ಕೈ ಬಿಡುವ ಮೊದಲು ಒಂದು ಷರತ್ತು ಹಾಕಿದರು. “ಅದು ಇರೋದಾದ್ರೆ ಪಕ್ಕದಲ್ಲಿ ಇತಿಹಾಸದ ಬೋರ್ಡು ಇರಬೇಕು. ಸುಮ್ನೆ ಗೇಟು ಯಾಕಿಟ್ಟಿದಾರೆ ಅಂತ ಯಾರೂ ಕೇಳಬಾರ್ದು. ನೀವೇ ಬರೆದುಕೊಡಿ, ನಾಲ್ಕು ಸಾಲು.” ಗೆಲುವಿನ ಅಮಲಿನಲ್ಲಿ ಒಪ್ಪಿಬಿಟ್ಟೆ. ನಿಮಗೂ ಹೇಳುತ್ತೇನೆ: ವ್ಯಾಪಾರ ಕುದುರಿದ ಮೇಲೆ ಎದುರಿನವನು ‘ಸಣ್ಣದೊಂದು’ ಎಂದು ಶುರು ಮಾಡಿದರೆ ಕೈ ಬಿಡಿಸಿಕೊಂಡು ಹೊರಡಿ.

ಸ್ಟೀಲ್ ಗೇಟು ಬಂತು, ಕಮಾನು ಹೊಳೆಯುತ್ತದೆ. ಅದರ ಕೆಳಗೆ ನೀರಿನ ಟ್ಯಾಂಕರು, ಹುಲ್ಲು ಕತ್ತರಿಸುವ ಗಾಡಿ ಹೋಗುತ್ತವೆ. ಮನುಷ್ಯರು ಹಳೆಯದರಲ್ಲೇ ಸರತಿ ನಿಲ್ಲುತ್ತಾರೆ. ಕಮಾನು ದಾನ ಮಾಡಿದವರೇ ಒಂದು ಶುಕ್ರವಾರ ಫೈಲು ಹಿಡಿದುಕೊಂಡು ಸರತಿಯಲ್ಲಿದ್ದರು ಎಂದು ಗೌಡರು ಹೇಳುತ್ತಾರೆ. ಚಾಚಾ ಅಲ್ಲ ಅನ್ನುತ್ತಾರೆ.

ಹೋದ ಮಂಗಳವಾರ ಅಕ್ಕನಿಗೆ ಮಂಡಿನೋವು. ಪಾರ್ಕಿನ ಬೆಂಚಿನ ಮೇಲೆ ಕುಳಿತು, ಮಗುವನ್ನು ನೀನೇ ನುಸುಳಿಸು ಎಂದಳು. ನಂಬಿಕೆಯಿಲ್ಲ ಎಂದು ಅವಳ ಮುಂದೆ ಹೇಳುವ ಧೈರ್ಯ ನನಗೆ ಈ ವಯಸ್ಸಿನಲ್ಲೂ ಇಲ್ಲ. ಮಗುವನ್ನು ಎತ್ತಿಕೊಂಡು, ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನುಸುಳಿದೆ. ನನ್ನ ಬೆನ್ನು ತಾಕಿತೋ ಇಲ್ಲವೋ ತಿಳಿಯಲಿಲ್ಲ. ಆಚೆ ಹೋಗಿ ಇಳಿಸಿದೊಡನೆ ಮಗು ಎಡಬಾಗಿಲಿನ ಹತ್ತಿರ ಓಡಿ ಕೈ ಚಾಚಿತು. ಎತ್ತಿ ಹಿಡಿದೆ. ಹಕ್ಕಿಯ ಮುರಿದ ಕೊಕ್ಕನ್ನು ಮುಟ್ಟಿ, ಹರಳುಗಳ ಮೇಲೆ ಬೆರಳಾಡಿಸಿತು. ಆಮೇಲೆ ಬಲಬಾಗಿಲಿನ ಕಡೆ ಕೈ ತೋರಿಸಿತು. ಅಲ್ಲಿಗೂ ಎತ್ತಿಕೊಂಡು ಹೋದೆ. ನುಣುಪಾದ ಕೊಕ್ಕನ್ನು ಮುಟ್ಟಿತು. ಮತ್ತೆ ಎಡದ ಕಡೆ ತಿರುಗಿ ನೋಡಿತು, ನನ್ನ ಮುಖ ನೋಡಿತು, ಹುಬ್ಬೆತ್ತಿತು.

“ಕೇಳ್ತಾ ಅವ್ಳೆ, ಹೇಳೋ” ಎಂದಳು ಅಕ್ಕ ಬೆಂಚಿನ ಮೇಲಿನಿಂದ.

“ಏನ್ ಕೇಳ್ತಿದಾಳೆ?”

“ಅದೇನು ಅಂತ.”

ಗಿಳಿ ಎನ್ನಲೇ, ನವಿಲು ಎನ್ನಲೇ. ಬೋರ್ಡಿನ ಮೊದಲನೇ ಸಾಲು ನಿಂತಿರುವುದೂ ಅಲ್ಲೇ. ಮಾತು ಕಲಿಯಬೇಕಾದ ಮಗುವಿಗೆ ತಪ್ಪು ಹೆಸರು ಹೇಳಿದರೆ ಅದೇ ಬಾಯಿಗೆ ಕೂತುಬಿಡುತ್ತದೆ.

“ಹಕ್ಕಿ ಕಣಮ್ಮ” ಎಂದೆ ಕೊನೆಗೆ.

ಅದೇ ಹೊತ್ತಿಗೆ ಜಕ್ಕೂರಿನ ಮೈದಾನದಿಂದ ಎದ್ದ ಪುಟ್ಟ ವಿಮಾನವೊಂದು ಮರಗಳ ಮೇಲೆ ಗುರ್ರೆನ್ನುತ್ತಾ ಬಂತು. ಮಗು ತಲೆಯೆತ್ತಿ ಅದನ್ನು ನೋಡಿತು. ಗೇಟಿನ ಮೇಲಿನದನ್ನು ನೋಡಿತು. ಆಮೇಲೆ ನನ್ನನ್ನು. ಕಡಿಮೆ ತೂಕ ಹಾಕುವ ಅಂಗಡಿಯವನನ್ನು ಗಿರಾಕಿ ನೋಡುವ ನೋಟ ಅದು. ನನಗೆ ಚೆನ್ನಾಗಿ ಗೊತ್ತು.

“ಇರು, ವಿಚಾರಿಸಿ ಹೇಳ್ತೀನಿ” ಎಂದೆ. ಮಗು ನನ್ನ ಬಾಯಿಯ ಮೇಲೆ ಕೈಯಿಟ್ಟುಕೊಂಡು ಕಾಯುತ್ತಾ ಇತ್ತು.